ಕೆಂಪು ಡಿಸ್ಕು, ನೀಲಿ ಡಿಸ್ಕು ಮತ್ತು ನಲವತ್ತು ಅಂಕ

೨೦೧೧ರ ನವೆಂಬರ್ ೬, ಭಾನುವಾರ ಎಂದು ನನ್ನ ಹಳೆಯ ದಿನಚರಿಯಲ್ಲಿದೆ. ಅಂದು ನನ್ನ ಮಗಳು ಇಂದುಮತಿಯ ಎರಡು ವಿಡಿಯೊ ಗೇಮ್ ಡಿಸ್ಕುಗಳು ಟಿವಿಯ ಪಕ್ಕದಲ್ಲಿ ವಾದಕ್ಕೆ ಬಿದ್ದವು. ಎರಡರಲ್ಲೂ ವೀರನೊಬ್ಬ ಕಾದಾಡಿ ಅಂಕ ಗಳಿಸುತ್ತಾನೆ. ಆ ಅಂಕವನ್ನು ಬಲಕ್ಕೋ ಮಂತ್ರಕ್ಕೋ ಹಾಕಿ ಅವನನ್ನು ಬೆಳೆಸಬೇಕು. ಸತ್ತರೆ ಅವನು ಮತ್ತೆ ಏಳುವುದಿಲ್ಲ.

“ನನ್ನಲ್ಲಿ ಒಮ್ಮೆ ಹಾಕಿದ ಅಂಕ ವಾಪಸಿಲ್ಲ,” ಎಂದಿತು ಕೆಂಪು ಡಿಸ್ಕು. “ಅದಕ್ಕೇ ನನ್ನ ವೀರನಿಗೆ ಒಂದು ವ್ಯಕ್ತಿತ್ವವಿದೆ. ನಿನ್ನವನು ಇವತ್ತು ಯಾರಪ್ಪ?”

“ಬೆಳಿಗ್ಗೆ ಮಾಂತ್ರಿಕ, ಈಗ ಗದೆ ಹಿಡಿದಿದ್ದಾನೆ,” ಎಂದಿತು ನೀಲಿ. “ನನ್ನಲ್ಲಿ ಒಂದು ಬೇರು ತಿಂದರೆ ಹಾಕಿದ ಅಂಕವೆಲ್ಲ ವಾಪಸು. ತಪ್ಪು ತಿದ್ದಿಕೊಳ್ಳುವುದು ಅವಮಾನವೇ? ಇರಲಿ, ನಿನ್ನ ಮಹಾಶಯ ಏನಾದ?”

ಕೆಂಪು ತಡವರಿಸಿತು. “ಇನ್ನೂ ಏನೂ ಆಗಿಲ್ಲ. ತಪ್ಪಾದೀತೆಂದು ಇಂದುಮತಿ ನಲವತ್ತು ಅಂಕವನ್ನೂ ಹಾಗೇ ಇಟ್ಟುಕೊಂಡಿದ್ದಾಳೆ. ನಿನ್ನವನಿಗೆ ಗದೆ ಬೀಸಲು ಬರುತ್ತದೆಯೇ?”

“ಕಲಿಯುವಷ್ಟು ಹೊತ್ತು ಬಿಟ್ಟರೆ ತಾನೇ? ಬೇರೂ ಒಂದೇ ಉಳಿದಿದೆ.”

“ಹಾಗಾದರೆ ನಮ್ಮ ಜಗಳ ದಂಡ ಕಣೋ. ಆಡುವ ಕೈ ಒಂದೇ.”

ಅದೇ ವಾರ ಕೆಂಪಿನ ವೀರ ಮೊದಲ ಕೋಟೆಯ ಬಾಗಿಲಲ್ಲಿ ನಲವತ್ತು ಅಂಕ ಇಟ್ಟುಕೊಂಡೇ ಸತ್ತ. ನೀಲಿಯ ವೀರ ಕೊನೆಯ ಬೇರು ತಿಂದು ಬಿಲ್ಲುಗಾರನಾಗಿ, ಬಾಣ ಹೂಡಲು ಬಾರದೆ ತನ್ನ ಆಟದ ಮೊದಲ ಕೋಟೆಯಲ್ಲೇ ಸತ್ತ. ಇಂದುಮತಿ ಎರಡನ್ನೂ ಡಬ್ಬಿಗೆ ಹಾಕಿದಳು, ಮತ್ತೆ ತೆಗೆಯಲಿಲ್ಲ.

ಖರ್ಚಾದದ್ದು ಒಂದು ಬೇಸಿಗೆ ರಜೆ, ಒಂದು ದಸರಾ ರಜೆ, ಹತ್ತೊಂಬತ್ತು ಬೇರು, ಇಬ್ಬರು ವೀರರು. ಎರಡನೆಯ ಕೋಟೆ ಹೇಗಿತ್ತೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.