ಮೈಕು ಬಿಡದ ಬಸವನಹುಳು

ಕಾಡಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬಸವನಹುಳು ಒಂದು ಉಪನ್ಯಾಸವನ್ನೂ ತಪ್ಪಿಸಿದ್ದಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಅಂದು ಕಾಡ್ಗಿಚ್ಚಿನ ಬಗ್ಗೆ ಮಾತಾಡಲು ಬಂದ ಜಿಂಕೆ, "ಹೊಗೆ ಕಂಡೊಡನೆ ಓಡಿ" ಎಂದಾಗ ಮಾತ್ರ ಅದಕ್ಕೆ ತಡೆಯಲಾಗಲಿಲ್ಲ. ಕೂತಲ್ಲಿಂದ ಮೈಕಿನತ್ತ ಹೊರಟೇಬಿಟ್ಟಿತು. ಅದು ಮೈಕು ಮುಟ್ಟುವಷ್ಟರಲ್ಲಿ ಭಾಷಣ ಮುಗಿದು, ಜಿಂಕೆಗೆ ಶಾಲು ಹೊದಿಸಿಯೂ ಆಗಿತ್ತು.

"ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ. ಉಪ್ಪಿಟ್ಟು ಸಿದ್ಧವಾಗಿದೆ" ಎಂದಿತು ನಿರೂಪಕ ಗೊರವಂಕ. ಸಭೆ ಉಪ್ಪಿಟ್ಟಿನತ್ತ ಓಡಿತು.

"ಇಳಿಯಮ್ಮಾ ಕೆಳಗೆ!" ಗೊರವಂಕ ಕೊಕ್ಕಿನಿಂದ ಎಳೆದರೂ ಬಸವನಹುಳು ಮೈಕು ಬಿಡಲಿಲ್ಲ.

"ಉತ್ತರ ಸಿಗದೆ ಇಳಿಯುವುದಿಲ್ಲ. ಓಡಲಾಗದವರು ಏನು ಮಾಡಬೇಕು, ಸರ್?"

ಜಿಂಕೆ ಬಾಗಿಲಲ್ಲೇ ನಿಂತಿತು. ಆಮೇಲೆ ಶಾಲು ತೆಗೆದಿಟ್ಟು, ಬಂದು ಮುಂದಿನ ಸಾಲಿನಲ್ಲಿ ಕೂತಿತು.

"ಓಡಬಲ್ಲವರಿಗೆ ನನ್ನ ಉಪನ್ಯಾಸ ಬೇಕಾಗಿಯೇ ಇರಲಿಲ್ಲ. ನೀನು ಮಾತಾಡಮ್ಮ, ನಾನು ಕೇಳುತ್ತೇನೆ."