ಹಿಡಿಗೈ ಬೊಮ್ಮಲಿಂಗನ ಮೂರನೆಯ ಚಿನ್ನಿ

ವರ್ಷ ಯಾವುದೆಂದು ಕೇಳಬೇಡಿ. ಅದನ್ನು ಬಲ್ಲವರು ಯಾರೂ ಉಳಿದಿಲ್ಲ. ದಿನವನ್ನೂ ಹೊತ್ತನ್ನೂ ಮಾತ್ರ ಹಿರಿಯರು ತಪ್ಪದೆ ಹೇಳುತ್ತ ಬಂದಿದ್ದಾರೆ: ಆಶ್ವೀಜ ಶುದ್ಧ ಪಾಡ್ಯ, ಬೆಳಗಿನ ಹಾಲು ಕರೆದು ಮುಗಿದ ಹೊತ್ತು. ಬಹಳ ಹಿಂದೆ, ಬಿಳಿಗಲ್ಲಹಟ್ಟಿ ಎಂಬ ಒಂದು ಊರಿನಲ್ಲಿ, ಪಾಲಕ್ಕನೆಂಬ ಹೆಂಗಸು ಗಂಡನ ಮುಂದೆ ಹಾಲಿನ ಚೆಂಬು ಇಟ್ಟಳು. ಗಂಡ ಕೈ ಚಾಚಿದ. ಆ ಕೈ ಚೆಂಬಿನ ಪಕ್ಕದ ಬರಿ ನೆಲವನ್ನು ಹಿಡಿಯಿತು.

ಪಾಲಕ್ಕ ಹೆದರಿದಳು. ಅದು ಯಾರ ಕೈ ಎಂದು ತಿಳಿದರೆ ಏಕೆಂದು ತಿಳಿಯುತ್ತದೆ.

ಬಿಳಿಗಲ್ಲಹಟ್ಟಿಗೂ ಎದುರೂರಾದ ನೇರಳಗೊಂದಿಗೂ ನಡುವೆ ಒಂದು ದೊಡ್ಡ ಹುಲ್ಲುಗಾವಲು. ಇಷ್ಟು ನಮ್ಮದು, ಇಷ್ಟು ನಿಮ್ಮದು ಎಂದು ಗೆರೆ ಎಳೆಯಲು ಅಲ್ಲಿ ದೊರೆಯಿರಲಿಲ್ಲ, ಶಾನುಭೋಗನಿರಲಿಲ್ಲ. ಚಿನ್ನಿದಾಂಡು ಇತ್ತು. ವಿಜಯದಶಮಿಯ ಮರುದಿನ ಎರಡೂ ಊರಿನವರು ಆ ಹುಲ್ಲಿನ ಕಾವಲಿನಲ್ಲಿ ಸೇರುತ್ತಿದ್ದರಂತೆ. ಒಂದು ವರ್ಷ ಈ ಊರು ಹೊಡೆಯಬೇಕು, ಮರುವರ್ಷ ಆ ಊರು. ಮೂರು ಹೊಡೆತ. ಜಾಲಿಮರದ ಗಟ್ಟಿ ತಿರುಳಾದ ಚೇಗಿನಿಂದ ಕೆತ್ತಿ ಎರಡು ತುದಿಯನ್ನೂ ಚೂಪು ಮಾಡಿದ ಚಿನ್ನಿ ಹಳೆಯ ಗೆರೆಯನ್ನು ದಾಟಿ ಎಲ್ಲಿ ಬಿತ್ತೋ ಅಲ್ಲಿಗೆ ಹೊಸ ಗೆರೆ. ನಡುವಿನ ಹುಲ್ಲೆಲ್ಲ ಹೊಡೆದ ಊರಿಗೆ. ನೆಲ ಮುಟ್ಟುವ ಮುನ್ನ ಹಿಡಿದರೆ ಆ ಹೊಡೆತ ಸತ್ತಿತು. ಹಿಡಿಯಲು ಎದುರೂರು ನಿಲ್ಲಿಸುತ್ತಿದ್ದುದು ಒಬ್ಬನನ್ನೇ. ಮಹಾಲಯ ಅಮಾವಾಸ್ಯೆಯಂದು ಎರಡೂ ಊರಿನ ಎದುರಿಗೆ ಅವನು ತಾನೇ ನಿಲ್ಲುವೆನೆಂದು ವೀಳ್ಯ ಹಿಡಿಯುತ್ತಿದ್ದ. ಹಿಡಿದ ಮೇಲೆ ಬದಲಿ ಇಲ್ಲ. ಆತ ನಿಲ್ಲದಿದ್ದರೆ ಬಯಲು ಬರಿದು. ಚಿನ್ನಿ ಬಿದ್ದಲ್ಲಿಗೆ ಗೆರೆ.

ಹೀಗೆ ಹಿಡಿಯುವುದನ್ನೇ ಕಸುಬು ಮಾಡಿಕೊಂಡು ಊರೂರು ತಿರುಗುವವರು ಆ ಸೀಮೆಯಲ್ಲಿ ಕೆಲವರಿದ್ದರಂತೆ. ಕರೆದ ಊರು ಉಣ್ಣಲಿಕ್ಕಿ, ಜೋಳ ಅಳೆದು, ಕಂಬಳಿ ಹೊದಿಸಿ ಕಳುಹಿಸುತ್ತಿತ್ತಂತೆ. ಅವರೊಳಗೆ ಬೊಮ್ಮಲಿಂಗ ಒಬ್ಬ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಮೀಸೆ ಮೂಡುವ ಮುನ್ನವೇ ಕಣಜಗಲ್ಲು ಎಂಬ ಊರಿನ ಪರವಾಗಿ ನಿಂತನಂತೆ. ಅಲ್ಲಿ ಬಲಗೈ ಹೆಬ್ಬೆರಳು ಮುರಿಯಿತು. ಮುರಿದ ಕೈಯನ್ನು ಸೊಂಟಕ್ಕೆ ಬಿಗಿದುಕೊಂಡು ಎಡಗೈಯಲ್ಲಿ ಹಿಡಿದನಂತೆ. ಹೊಂಗೆಮರಡಿಯಲ್ಲಿ ನೇರ ಸೂರ್ಯನೊಳಗಿಂದ ಇಳಿದ ಚಿನ್ನಿಯನ್ನು, ಕಣ್ಣು ಮುಚ್ಚಿ, ಅದರ ಸುಯ್ಲು ಕೇಳಿಯೇ ಹಿಡಿದನಂತೆ. ಹದ್ದಿನ ಉಗುರಿನಿಂದ ಜಾರಿದ ಕೋಳಿಮರಿಯನ್ನು ಹಿಡಿದನೆಂದೂ, ಆ ಮರಿ ಬದುಕಿ ಮೊಟ್ಟೆಯಿಟ್ಟಿತೆಂದೂ ಹೇಳುವವರಿದ್ದಾರೆ. ನಂಬುವುದು ಬಿಡುವುದು ಕೇಳುವವರಿಗೆ ಸೇರಿದ್ದು.

ಇಷ್ಟಾದರೂ ಆತನ ಮೇಲೆ ಹಾಡಿಲ್ಲ. ‘ಹೊಡೆದವನಿಗೆ ಹಾಡು, ಹಿಡಿದವನಿಗೆ ಹಾಲು’ ಎಂಬ ಮಾತು ಆ ಕಡೆ ಇದೆ. ಬಿಳಿಗಲ್ಲಹಟ್ಟಿಯವರು ಆತನನ್ನು ತಮ್ಮಲ್ಲೇ ಉಳಿಸಿಕೊಂಡರು, ಮನೆ ಕೊಟ್ಟರು, ಪಾಲಕ್ಕನನ್ನು ಕೊಟ್ಟು ಮದುವೆ ಮಾಡಿದರು. ದಿನಕ್ಕೊಂದು ಮನೆಯಿಂದ ಸರದಿಯ ಮೇಲೆ ಹಾಲು ಬರುತ್ತಿತ್ತು. ಆತ ನಿಂತ ಕಾಲದಿಂದ ನೇರಳಗೊಂದಿಯ ಗೆರೆ ಒಂದು ಗೇಣೂ ಮುಂದೆ ಸರಿದಿರಲಿಲ್ಲವಂತೆ.

ಅಂಥ ಕೈ ಈಗ ಎದುರಿಗಿಟ್ಟ ಚೆಂಬನ್ನು ತಪ್ಪಿತು. ಹಿಂದಿನ ದಿನವೇ ವೀಳ್ಯ ಹಿಡಿದಾಗಿತ್ತು.

ಪಾಲಕ್ಕ ಚೆಂಬನ್ನು ಮೆಲ್ಲನೆ ಆತನ ಬೆರಳಿನ ಬಳಿಗೆ ಸರಿಸಿದಳು. ಆತ ಅದನ್ನೆತ್ತಿ ಕುಡಿದ.

ಮರುದಿನದಿಂದ ಆಕೆ ಗಮನಿಸತೊಡಗಿದಳು. ಬಾಗಿಲಿಗೆ ಬಂದವರು ಮಾತನಾಡುವ ತನಕ ಆತ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೊಸಿಲಿನ ಮೇಲೆ ಮಲಗಿದ ನಾಯಿ ಬಾಲ ಬಡಿದರೆ ಮಾತ್ರ ಬಳಸಿ ಹೋಗುತ್ತಿದ್ದ. ಆಕೆ ಅಕ್ಕಿಯ ಮೊರದಲ್ಲಿ ಒಂದು ಒಣಮೆಣಸಿನಕಾಯಿ ಹಾಕಿ ಮುಂದಿಟ್ಟು, ಅದನ್ನು ಆರಿಸಿ ಕೊಡೆಂದಳು. ಆತ ಮೊರವನ್ನೆಲ್ಲ ಅಂಗೈಯಿಂದ ಸವರಿ ಹುಡುಕಿದ.

ಎದುರೂರಿನಿಂದ ಬರುತ್ತಿದ್ದ ಸುದ್ದಿಯೂ ಒಳ್ಳೆಯದಾಗಿರಲಿಲ್ಲ. ಆ ವರ್ಷ ನೇರಳಗೊಂದಿಯ ಪರವಾಗಿ ಹೊಡೆಯುವವನು ಕೆಂಚವೀರ. ಈಗಲೂ ಆ ಕಡೆ ರಾಗಿ ಬೀಸುವಾಗ ಹಾಡುತ್ತಾರಲ್ಲ, ಅದೇ ಕೆಂಚವೀರ. ಅಭ್ಯಾಸದಲ್ಲಿ ಅವನು ಹೊಡೆದ ಚಿನ್ನಿ ದೂರದಲ್ಲಿ ಮೇಯುತ್ತಿದ್ದ ಹೋರಿಯ ಕೊಂಬಿಗೆ ತಗುಲಿ ಕೊಂಬೇ ಮುರಿಯಿತಂತೆ. ಕೊಂಬು ಮುರಿಯುವ ಚಿನ್ನಿಗೆ ಮನುಷ್ಯನ ಹಣೆ ಎಷ್ಟರದು? ಪಾಲಕ್ಕ ಕೂತಲ್ಲಿ ನಿಂತಲ್ಲಿ ಅದನ್ನೇ ಯೋಚಿಸಿದಳು.

ಒಮ್ಮೆ ಊರ ಯಜಮಾನ ಕಾಟಯ್ಯನಿಗೆ ಹೇಳಿಬಿಡುವುದೆಂದು ಹೊರಟಳಂತೆ. ಜಗಲಿಯ ಮೇಲೆ ಕಾಟಯ್ಯನ ತಾಯಿ ಕೂತಿದ್ದಳು. ಪಾಲಕ್ಕನನ್ನು ಕಂಡದ್ದೇ ಆ ಮುದುಕಿ, “ಬಾರೇ ತಾಯಿ. ಹುಲ್ಲು ಯಾವಾಗ ಕುಯ್ಯಾಣ ಅಂತ ಸೊಸೇರು ಆಗ್ಲೇ ಕುಡ್ಲು ಮಸೀತಾವ್ರೆ. ನಿನ್ ಗಂಡ ಇರಾ ತಂಕ ನಮ್ ಕರುಗಳ ಹೊಟ್ಟೆ ತಣ್ಣಗಿರ್ತದೆ ಬಿಡು” ಎಂದಳು. ಪಾಲಕ್ಕ ಒಂದು ಹಿಡಿ ಉಪ್ಪು ಕೇಳಿ ಇಸಿದುಕೊಂಡು ಹಿಂತಿರುಗಿದಳು. ಹೇಳಿದ್ದರೂ ಆಗುವುದೇನಿತ್ತು? ವೀಳ್ಯಕ್ಕೆ ಬದಲಿ ಇರಲಿಲ್ಲ. ಸುದ್ದಿ ಗಾಳಿಗೆ ಬಿದ್ದರೆ ಕೆಂಚವೀರ ಆತನ ಮೇಲೆಯೇ ಗುರಿಯಿಡಬಹುದಿತ್ತು.

ಏಕಾದಶಿ ಬಂತು. ಎರಡೂ ಊರು ಬಯಲಿನ ಅಂಚಿನಲ್ಲಿ ನೆರೆದವು. ಹಳೆಯ ಗೆರೆಯ ಮೇಲೆ ಬೊಮ್ಮಲಿಂಗ ಒಬ್ಬನೇ, ಕಂಬಳಿ ಕೊಪ್ಪೆ ಹಾಕಿಕೊಂಡು, ಕಂಬದಂತೆ ನಿಂತ.

ಮೊದಲನೆಯ ಹೊಡೆತ ಎಡಕ್ಕೆ ಹೋಯಿತು. ಬೊಮ್ಮಲಿಂಗ ಕತ್ತನ್ನೂ ತಿರುಗಿಸಲಿಲ್ಲ. ಚಿನ್ನಿ ಹಳೆಯ ಗೆರೆಗೆ ಮಾರು ದೂರವಿರುವಾಗಲೇ ಬಿತ್ತು, ಅದು ಲೆಕ್ಕಕ್ಕಿಲ್ಲ. ಬಿಳಿಗಲ್ಲಹಟ್ಟಿಯವರು ಹೋ ಎಂದು ಕೂಗಿದರು.

“ನೋಡಿದ್ಯೇನ್ಲಾ? ಕಣ್ಣೂ ಹಾಯಿಸ್ಲಿಲ್ಲ! ಬೀಳಾ ಚಿನ್ನಿ ಯಾವ್ದು, ಬರಾ ಚಿನ್ನಿ ಯಾವ್ದು, ದಾಂಡಿಂದ ಏಳಾ ಮುಂಚೇನೇ ಗೊತ್ತು ನಮ್ಮಣ್ಣಂಗೆ!”

ಎಲ್ಲರಿಗೂ ಅದು ಬಲ್ಲವನ ಗತ್ತಾಗಿ ಕಂಡಿತು. ಪಾಲಕ್ಕನಿಗೆ ಮಾತ್ರ ಗೊತ್ತಿತ್ತು.

ಎರಡನೆಯದು ನೇರವಾಗಿ ಬಂತು. ಬೊಮ್ಮಲಿಂಗ ಅದನ್ನು ಎದೆಗೆ ಅವುಚಿಕೊಂಡ. ಆ ಹಿಡಿತದ ವಿಷಯವಾಗಿ ಇಂದಿಗೂ ಹೇಳುತ್ತಾರೆ: ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡನಂತೆ. ಬಯಲೆಲ್ಲ ಶಿಳ್ಳೆ. ಆದರೆ ಪಾಲಕ್ಕ ಕಂಡದ್ದು ಬೇರೆ. ಚಿನ್ನಿ ಮೊದಲು ಬಡಿಯಿತು. ಕೈ ಆಮೇಲೆ ಬಂತು.

ಮೂರನೆಯ ಹೊಡೆತಕ್ಕೆ ಮುಂಚೆ ಹೊಡೆಯುವವನಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವು ಕೊಡುವುದು ವಾಡಿಕೆ. ಪಾಲಕ್ಕ ಅಂಬಲಿಯ ಗಡಿಗೆ ಹಿಡಿದು ಬಯಲಿನೊಳಕ್ಕೆ ಹೋದಳು. ಕಂಬಳಿಯನ್ನು ಸರಿಸಿದಳು. ಕೊರಳ ಕೆಳಗಿನ ಎಲುಬಿನ ಮೇಲೆ ಚರ್ಮ ಸೀಳಿ ನೆತ್ತರು ಇಳಿಯುತ್ತಿತ್ತು. ಗಂಟಲಿಗೆ ನಾಲ್ಕು ಬೆರಳು ಕೆಳಗೆ.

“ಮುಚ್ಚು. ಜನ ನೋಡ್ತಾರೆ” ಎಂದ ಬೊಮ್ಮಲಿಂಗ.

“ನಿಂಗೆ ಏನ್ ಕಾಣ್ತದೆ, ನಿಜ ಹೇಳು.”

ಆತ ಕಂಬಳಿಯನ್ನು ಮತ್ತೆ ಎಳೆದುಕೊಂಡ. “ಬೆಳಕು ಕಾಣ್ತದೆ. ನೀನು ನೆಳ್ಳಂಗೆ ಕಾಣ್ತೀಯ. ಚಿನ್ನಿ ಕಾಣಲ್ಲ.”

“ಹಂಗಾದ್ರೆ ನಡಿ ಮನೀಗೆ.”

“ಹುಚ್ಚೀ. ಹೊಂಗೆಮರಡೀಲಿ ಕಣ್ಣು ಮುಚ್ಕಂಡು ಹಿಡೀಲಿಲ್ವಾ? ಕಿವಿ ಐತಲ್ಲ.”

“ಅದು ಜನ ಕಟ್ಟಿದ್ದು ಕಣೋ! ಅವತ್ತು ಮೋಡ ಇತ್ತು, ಸೂರ್ಯನೇ ಇರ್ಲಿಲ್ಲ ಅಂತ ನೀನೇ ನಕ್ಕಂಡು ಹೇಳಿದ್ದೆ ನಂಗೆ.”

ಬೊಮ್ಮಲಿಂಗ ಅಂಬಲಿ ಕುಡಿದ. ಗಡಿಗೆಯನ್ನು ಹಿಂದಕ್ಕೆ ಕೊಟ್ಟ. “ಇಷ್ಟು ಮಂದಿ ಹಿಡ್ದೆ ಅಂತಾರೆ ಪಾಲಿ. ಹಿಡ್ದಿದ್ರೂ ಹಿಡ್ದಿರ್ಬೈದು” ಎಂದ.

ಆ ಮಾತಿಗೆ ಪಾಲಕ್ಕ ಹೆದರಿದಷ್ಟು ಅವನ ಗಾಯಕ್ಕೂ ಹೆದರಲಿಲ್ಲವಂತೆ. ಇತರರು ಕಟ್ಟಿದ ಕಥೆಯನ್ನು ಈಗ ಅವನೇ ಆನಿಕೊಂಡು ನಿಂತಿದ್ದ.

ಆಕೆ ಅಂಚಿಗೆ ಮರಳಿದಳು. ಎದುರಿಗೆ ಕೆಂಚವೀರ ಚಿನ್ನಿಯನ್ನು ಗುಣಿಯ ಮೇಲೆ ಅಡ್ಡಲಾಗಿಟ್ಟು, ಅಂಗೈಗೆ ಮಣ್ಣು ಸವರಿ, ದಾಂಡನ್ನು ತೂಗಿ ನೋಡುತ್ತಿದ್ದ. ಗಂಡನ ಬೆನ್ನ ಹಿಂದೆ ಪಡುವಣ ಇಳಿಜಾರು. ಊರಿನ ಅತಿ ಒಳ್ಳೆಯ ಹುಲ್ಲು, ಮೊಣಕಾಲೆತ್ತರಕ್ಕೆ, ಗಾಳಿಗೆ ಹೊರಳುತ್ತಿತ್ತು. ಕರುಗಳು ಕಂಡವು, ಕುಡುಗೋಲು ಹಿಡಿದು ಬಂದ ಹೆಂಗಸರು ಕಂಡರು. ಕಣ್ಣನ್ನು ಸೂರ್ಯನ ಕಡೆಗೆ ಎತ್ತಿ, ಏನನ್ನೂ ಕಾಣದೆ ನಿಂತ ಗಂಡ ಕಂಡ.

ಪಾಲಕ್ಕ ಗಡಿಗೆಯನ್ನು ನೆಲಕ್ಕಿಟ್ಟು ಮತ್ತೆ ಬಯಲಿಗೆ ಕಾಲಿಟ್ಟಳು.

“ಏಯ್, ಹೊಡೀಬ್ಯಾಡ, ತಡಿ! ಹೆಂಗ್ಸು ಒಳೀಕ್ಕೆ ಬಂದ್ಲು!” ಎಂದು ಅಂಚಿನಿಂದ ಕೂಗೆದ್ದಿತು.

ನೇರಳಗೊಂದಿಯ ಕಡೆಯಿಂದ ಯಾರೋ, “ಯಾಕಕ್ಕಯ್ಯ, ನಿನ್ ಗಂಡಂಗೆ ಇನ್ನೂ ಹೊಟ್ಟೆ ತುಂಬ್ಲಿಲ್ವಾ? ನಮ್ ಬುತ್ತೀನೂ ಕೊಡಾಣಾ?” ಎಂದ. ನಗೆ ಹಬ್ಬಿತು.

ಆಕೆ ನಿಲ್ಲಲಿಲ್ಲ. ಗಂಡನ ಮುಂಗೈ ಹಿಡಿದಳು. ಆಗ ಕಾಟಯ್ಯ ಅಂಚಿನಿಂದಲೇ ಕೂಗಿ ಹೇಳಿದ: “ಪಾಲಕ್ಕ, ಕೈ ಬಿಟ್ಟು ಈಚೆ ಬಾ. ಬಯಲು ಬರಿದಾದ್ರೆ ಪಡುವಲ ಹುಲ್ಲು ಹೋಗ್ತದೆ. ಗೊತ್ತೈತಾ ನಿಂಗೆ?”

“ಗೊತ್ತೈತೆ.”

“ಯಾತಕ್ಕೆ ಅಂತಾನಾದ್ರೂ ಹೇಳು!”

ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಊರು ಆಕೆಯನ್ನು ಮನ್ನಿಸುತ್ತಿತ್ತು. ಆದರೆ ಆ ಮಾತು ಬೊಮ್ಮಲಿಂಗನದು, ಆತನೇ ಆಡಬೇಕಾದದ್ದು. “ನಂಗೆ ಹೆದ್ರಿಕೆ ಆಗ್ತದೆ” ಎಂದಷ್ಟೇ ಹೇಳಿದಳು. ಅದೂ ಸುಳ್ಳಾಗಿರಲಿಲ್ಲ.

ಬೊಮ್ಮಲಿಂಗ ಮೊದಲು ಕಲ್ಲಿನಂತೆ ನಿಂತನಂತೆ. ಎಂಟು ಎತ್ತು ಹೂಡಿದರೂ ಅಲುಗುತ್ತಿರಲಿಲ್ಲ ಎನ್ನುತ್ತಾರೆ. ಆಮೇಲೆ ಆಕೆ ಹಿಡಿದ ಮುಂಗೈಯನ್ನು ಬಿಡುವುದಿಲ್ಲವೆಂದು ಆತನಿಗೆ ತಿಳಿಯಿತು. ಆಗ ಒಂದು ಹೆಜ್ಜೆ ಬಂದ. ಮತ್ತೆ ಒಂದು ಹೆಜ್ಜೆ ಬಂದ. ಇಬ್ಬರೂ ಅಂಚು ದಾಟಿ, ಜನರ ನಡುವೆ ಹಾದು, ಊರಿನ ದಾರಿ ಹಿಡಿದರು. ಅವರ ಬೆನ್ನ ಹಿಂದೆ ದಾಂಡಿನ ಸದ್ದಾಯಿತು. ಬರಿದಾದ ಬಯಲಿನ ಮೇಲೆ ಹಾರಿದ ಚಿನ್ನಿ, ಬೊಮ್ಮಲಿಂಗನ ತಲೆಯಿದ್ದ ಎತ್ತರದಲ್ಲೇ ಹೋಗಿ, ಪಡುವಣ ಇಳಿಜಾರಿನ ಕೊನೆಯಲ್ಲಿ ಬಿತ್ತಂತೆ. ಇಳಿಜಾರು ನೇರಳಗೊಂದಿಯದಾಯಿತು.

ಆ ವರ್ಷ ಪಾಲಕ್ಕನಿಗೆ ಊರಿನಲ್ಲಿ ಮಾತಿಗೆ ಜನರಿರಲಿಲ್ಲ. ಬಾವಿಯ ಬಳಿ ಹೋದರೆ ಹೆಂಗಸರು ಹಗ್ಗ ಸುತ್ತಿಕೊಂಡು ಎದ್ದು ಹೋಗುತ್ತಿದ್ದರು. ಸರದಿಯ ಹಾಲು ನಿಂತಿತು. ಬಡಕಲಾದ ಒಂದು ಕರುವನ್ನು ತಂದು ಯಾರೋ ಆಕೆಯ ಬಾಗಿಲಿಗೆ ಕಟ್ಟಿ ಹೋದರಂತೆ; ಆಕೆ ಅದಕ್ಕೆ ತನ್ನ ಪಾಲಿನ ಗಂಜಿ ಹುಯ್ದಳು.

ಮರುವರ್ಷ ಹೊಡೆತ ಬಿಳಿಗಲ್ಲಹಟ್ಟಿಯದು. ಹಿಡಿಯುವವನ ಮಾತೇ ಬರಲಿಲ್ಲ. ಅದರ ಮರುವರ್ಷ ಅಮಾವಾಸ್ಯೆಯಂದು ಕಾಟಯ್ಯ ಮುನಿಸನ್ನು ನುಂಗಿಕೊಂಡು ವೀಳ್ಯ ಚಾಚಿದ. ಬೊಮ್ಮಲಿಂಗ ಕೋಲೂರಿಕೊಂಡು ಎದ್ದು ನಿಂತು ಎರಡೂ ಊರಿನ ಮುಂದೆ ಹೇಳಿದನಂತೆ: “ಎಲೆ ಎಲ್ಲೈತೆ ಅಂತ ನಂಗೆ ಕಾಣಲ್ಲ ಯಜಮಾನ. ಆ ವರ್ಸಾನೂ ಕಾಣ್ತಿರ್ಲಿಲ್ಲ. ಅವಳಿಗೆ ಗೊತ್ತಿತ್ತು.”

ಮರುದಿನ ಬೆಳಿಗ್ಗೆ ಹಾಲು ಬಂತು. ಕಾಟಯ್ಯನ ತಾಯಿಯೇ ತಂದಳು. ಪಾಲಕ್ಕ ತೆಗೆದುಕೊಂಡಳು, ಕೂರೆಂದು ಹೇಳಲಿಲ್ಲ.

ಈಗ ಆ ಕಾವಲಿಗೆ ಬೇಲಿ ಬಿದ್ದಿದೆ. ಚಿನ್ನಿ ಎಲ್ಲಿ ಬಿದ್ದರೂ ಯಾರ ಗೆರೆಯೂ ಸರಿಯುವುದಿಲ್ಲ. ಆದರೂ ಏಕಾದಶಿಯಂದು ಎರಡೂ ಊರು ಬೇಲಿಯ ಹೊರಗಿನ ಬಯಲಿನಲ್ಲಿ ಆಡುತ್ತವೆ. ಎರಡು ಹೊಡೆತ ಆದ ಮೇಲೆ ಆಟ ನಿಲ್ಲುತ್ತದೆ. ಹಿಡಿಯುವವನ ಮನೆಯ ಹೆಂಗಸು, ಹೆಂಡತಿಯೋ ತಾಯಿಯೋ ಅಕ್ಕನೋ, ಅಂಬಲಿ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಆತ ಕುಡಿಯುವಾಗ ಆತನ ಮುಖವನ್ನು ನೋಡುತ್ತಾಳೆ. ಅಲ್ಲಿಯತನಕ ಹೊಡೆಯುವವನು ದಾಂಡನ್ನು ನೆಲಕ್ಕಿಟ್ಟು ಕಾಯಬೇಕು. ಆಕೆ ಒಬ್ಬಳೇ ಮರಳಿದರೆ ಮೂರನೆಯ ಹೊಡೆತ. ಆತನ ಕೈ ಹಿಡಿದುಕೊಂಡು ಮರಳಿದರೆ ಆಟ ಅಲ್ಲಿಗೆ ಮುಗಿಯಿತು; ಯಾತಕ್ಕೆ ಎಂದು ಕೇಳುವ ಹಕ್ಕು ಎರಡೂ ಊರಿನಲ್ಲಿ ಯಾರಿಗೂ ಇಲ್ಲ.

ಪಾಲಕ್ಕ ಅಂದು ಹುಲ್ಲನ್ನು ಬಿಟ್ಟು ಗಂಡನನ್ನು ಮನೆಗೆ ಕರೆದುಕೊಂಡು ಹೋದದ್ದರಿಂದಲೇ ಈ ಕಟ್ಟಳೆ ಬಂದದ್ದು ಎನ್ನುತ್ತಾರೆ.