ಗೆರೆಯೊಳಗಿನ ಕುದುರೆ

“ಬುದ್ಧಿ, ಎಷ್ಟು ಕಲಿಸಿದರೂ ತೋಂಟಪ್ಪನಿಗೆ ಏಕೆ ಹತ್ತುವುದಿಲ್ಲ?” ಎಂದು ಷಡಕ್ಷರಿ ಗುರುಗಳನ್ನು ಕೇಳಿದ.

ಷಡಕ್ಷರಿ ಹನ್ನೆರಡು ವರ್ಷ ಮಠದ ಅಡುಗೆಮನೆ ನಡೆಸಿದವನು. ಅದನ್ನು ತೋಂಟಪ್ಪನೆಂಬ ಹೊಸ ಶಿಷ್ಯನಿಗೆ ಒಪ್ಪಿಸಿ ನೀನು ಓದಿಗೆ ಕೂರು ಎಂದು ಗುರುಗಳು ಹೇಳಿ ಒಂದು ತಿಂಗಳಾಗಿತ್ತು.

“ಒಪ್ಪಿಸಿದ್ದೇನೆ. ಆದರೆ ಹೋಗಿ ನೋಡಿದಾಗಲೆಲ್ಲ ಅವನು ಸೌಟು ಹಿಡಿದುಕೊಂಡು ನನ್ನ ಮುಖ ನೋಡುತ್ತಾನೆ. ಉಪ್ಪು ಎಷ್ಟು ಎಂಬುದನ್ನೂ ನಾನೇ ಹೇಳಬೇಕು. ಇವತ್ತು ಮುನ್ನೂರು ಜನರ ಊಟ. ಇಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತದೆ.”

“ಆಗಲಿ, ಸ್ವಲ್ಪ ಹೊತ್ತು ಕೂರು” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ದೊಡ್ಡ ಹುಲ್ಲುಗಾವಲು. ಅದರ ಒಡೆಯನಿಗೆ ಸಾವಿರ ದನ. ಕುದುರೆಯೇರಿ ಅವನ್ನು ಕಾಯುತ್ತಿದ್ದವರಲ್ಲಿ ಒಬ್ಬ ಸವಾರ ಒಂದು ಕಂದು ಕುದುರೆಯನ್ನು ಮರಿಯಿಂದ ಸಾಕಿದ್ದ. ಕುದುರೆ ಒಡೆಯನದು, ಪ್ರೀತಿ ಇವನದು. ಒಂದು ವರ್ಷ ಒಬ್ಬ ವ್ಯಾಪಾರಿ ಬಂದು ಆ ಕುದುರೆ ಬೇಕೆಂದ. ಸವಾರ ಹೋಗಿ ಒಡೆಯನ ಕಾಲು ಹಿಡಿದ. ಯುಗಾದಿಯ ಪಂದ್ಯದಲ್ಲಿ ಗೆದ್ದರೆ ಕುದುರೆ ನಿನ್ನದು, ಸೋತರೆ ವ್ಯಾಪಾರಿಯದು ಎಂದು ಒಡೆಯ ಹೇಳಿಬಿಟ್ಟ.

ಅದು ಓಟದ ಪಂದ್ಯವಲ್ಲ. ಓಡುವುದನ್ನು ಯಾವ ಕುದುರೆಗೆ ಯಾರು ಕಲಿಸಬೇಕು? ಹುಲ್ಲುಗಾವಲಿನಲ್ಲಿ ದಿನವೂ ಎದುರಾಗುವ ಕೆಲಸಗಳದೇ ಪಂದ್ಯ. ಕೆಳಗಿಳಿಯದೆ ದೊಡ್ಡಿಯ ಬಾಗಿಲು ತೆರೆದು, ದಾಟಿ, ಮತ್ತೆ ಮುಚ್ಚಬೇಕು. ಮರದ ಸೇತುವೆ ದಾಟಬೇಕು. ಎರಡು ದಿಮ್ಮಿಗಳ ನಡುವೆ ಹಿಂದಕ್ಕೆ ಹೆಜ್ಜೆ ಇಡಬೇಕು. ಹಗ್ಗ ಕಟ್ಟಿದ ಕೊರಡನ್ನು ಎಳೆಯಬೇಕು. ಕೊನೆಯದು ನಿಲ್ಲುವ ಪರೀಕ್ಷೆ. ಸವಾರ ಇಳಿದು, ಲಗಾಮನ್ನು ನೆಲಕ್ಕೆ ಬಿಟ್ಟು, ನಲವತ್ತು ಹೆಜ್ಜೆ ನಡೆದು ಅಲ್ಲಿ ಕಟ್ಟಿದ ಕರುವನ್ನು ಬಿಚ್ಚಬೇಕು. ಬಿಚ್ಚುವವರೆಗೆ ಕುದುರೆ ತನ್ನ ಸುತ್ತ ಎಳೆದ ಸುಣ್ಣದ ಗೆರೆ ದಾಟಕೂಡದು. ಹಳ್ಳಕ್ಕೆ ಬಿದ್ದ ಕರುವನ್ನು ಎತ್ತಲು ಇಳಿದಾಗ ಕುದುರೆ ತನ್ನ ಪಾಡಿಗೆ ಹೊರಟುಹೋದರೆ ಕಾಯುವವನ ಗತಿಯೇನು?

ಬಾಗಿಲು, ಸೇತುವೆ, ದಿಮ್ಮಿ, ಕೊರಡು ಎಲ್ಲವನ್ನೂ ಕುದುರೆ ಹದಿನೈದು ದಿನದಲ್ಲಿ ಕಲಿಯಿತು. ನಿಲ್ಲುವುದೊಂದು ಬರಲಿಲ್ಲ. ಲಗಾಮು ಬಿಟ್ಟು ಸವಾರ ಹತ್ತು ಹೆಜ್ಜೆ ನಡೆಯುತ್ತಿದ್ದ. ಹಿಂದೆ ಗೊರಸಿನ ಸದ್ದಿಲ್ಲ. ಸದ್ದಿಲ್ಲದಿರುವುದೇ ಅವನಿಗೆ ಸಂಕಟ. ಗಕ್ಕನೆ ನಿಂತು ಕತ್ತು ತಿರುಗಿಸುತ್ತಿದ್ದ. ಕುದುರೆ ಕಿವಿ ಅಲ್ಲಾಡಿಸಿದರೂ ಹೊರಟೇಬಿಟ್ಟಿತೆಂದು ಓಡಿ ಬಂದು, ಮೈ ಸವರಿ, ಒಂದು ಹಿಡಿ ನೆನೆಸಿದ ಹುರುಳಿ ತಿನ್ನಿಸುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ ಇದೇ ಆಯಿತು. ಕುದುರೆ ಪೆದ್ದೇನಲ್ಲ. ಇವನು ಕತ್ತು ತಿರುಗಿಸಿದರೆ ಹುರುಳಿ ಬರುತ್ತದೆಂದು ಕಲಿಯಿತು. ಆಮೇಲೆ, ಪಾಪ, ಇವನೇಕೆ ಓಡಿ ಬರಬೇಕೆಂದು ತಾನೇ ಎದುರು ಹೋಗತೊಡಗಿತು.

ಲಾಯದ ಮುದುಕನೊಬ್ಬ ಇದನ್ನು ನಾಲ್ಕು ದಿನ ನೋಡಿದ. ಐದನೆಯ ದಿನ, “ತಿರುಗಿ ನೋಡಬೇಡ ಕಣಪ್ಪ” ಎಂದ.

“ನೋಡದಿದ್ದರೆ ನಿಂತಿದೆಯೆಂದು ನನಗೆ ಗೊತ್ತಾಗುವುದು ಹೇಗಜ್ಜ?”

“ನಿಂತಿದ್ದರೆ, ನೀನು ವಾಪಸು ಬಂದಾಗ ಅಲ್ಲೇ ಇರುತ್ತದೆ.”

ಮುದುಕನಿಗೇನು, ಕುದುರೆ ಹೋದರೆ ಹೋಗುವುದು ನನ್ನದಲ್ಲವೇ ಎಂದು ಸವಾರ ಮನಸ್ಸಿನಲ್ಲೇ ಬೈದುಕೊಂಡ. ಆದರೂ ಮಾತು ತಲೆಯಲ್ಲಿ ಉಳಿಯಿತು. ಪಂದ್ಯದ ದಿನ ನೋಡುವುದಿಲ್ಲ ಎಂದು ಆಣೆ ಹಾಕಿಕೊಂಡ. ಅಭ್ಯಾಸದಲ್ಲಿ ಮಾತ್ರ ನೋಡುವುದನ್ನು ಬಿಡಲಿಲ್ಲ.

ಯುಗಾದಿ ಬಂತು. ಬಾಗಿಲನ್ನು ಅಷ್ಟು ಚೆನ್ನಾಗಿ ಯಾರೂ ಮುಚ್ಚಲಿಲ್ಲ. ಸೇತುವೆಯ ಮೇಲೆ ಕುದುರೆ ಒಮ್ಮೆಯೂ ಬೆದರಲಿಲ್ಲ. ಕೊರಡು ಎಳೆದದ್ದನ್ನು ನೋಡಿ ಒಡೆಯನೇ ಎದ್ದು ನಿಂತ. ಉಳಿದದ್ದು ಗೆರೆ.

ಸವಾರ ಲಗಾಮು ಬಿಟ್ಟು ನಡೆದ. ಹತ್ತು. ಇಪ್ಪತ್ತು. ಕುದುರೆ ಕಂಬದಂತೆ ನಿಂತಿತ್ತು. ನೆರೆದ ಜನಕ್ಕೆಲ್ಲ ಅದು ಕಾಣುತ್ತಿತ್ತು, ಅವನೊಬ್ಬನಿಗೆ ಕಾಣುತ್ತಿರಲಿಲ್ಲ. ಮೂವತ್ತು. ಜನ ಉಸಿರು ಬಿಗಿಹಿಡಿದು ಸುಮ್ಮನಿದ್ದರು. ಏಕೆ ಸುಮ್ಮನಿದ್ದಾರೆ, ಕುದುರೆ ಹೋಯಿತೇ ಎಂದುಕೊಂಡ. ಮೂವತ್ತೈದು. ಇನ್ನು ಐದೇ ಹೆಜ್ಜೆ. ಜೀವ ತಡೆಯಲಿಲ್ಲ. ನಿಂತು, ಕತ್ತು ತಿರುಗಿಸಿದ.

ಕುದುರೆ ಸಂತೋಷದಿಂದ ಗೆರೆ ದಾಟಿ ಬಂತು. ಅವನ ಅಂಗೈಗೆ ಮೂತಿ ಹಾಕಿ ಹುರುಳಿ ಹುಡುಕಿತು.

ಸಂಜೆ ವ್ಯಾಪಾರಿ ಅದನ್ನು ಹೊಡೆದುಕೊಂಡು ಹೋದ. ಸವಾರ ದೊಡ್ಡಿಯ ಬಾಗಿಲು ಹಿಡಿದು ಅತ್ತ. ದಾರಿಯುದ್ದಕ್ಕೂ ಕುದುರೆ ಹತ್ತು ಹೆಜ್ಜೆಗೊಮ್ಮೆ ನಿಂತು ತಿರುಗಿ ನೋಡುತ್ತಿತ್ತು. ಅದಕ್ಕೆ ಅದನ್ನು ಕಲಿಸಿದವನೂ ಅವನೇ.

ಗುರುಗಳು ಕತೆ ನಿಲ್ಲಿಸಿದರು.

“ಎಂಥ ಮೂಢ! ಐದು ಹೆಜ್ಜೆ ತಡೆದುಕೊಳ್ಳಲಾಗಲಿಲ್ಲವೇ?” ಎಂದ ಷಡಕ್ಷರಿ. ಅವನ ಕಣ್ಣು ಒದ್ದೆಯಾಗಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಒಗ್ಗರಣೆ ಸಿಡಿದ ಸದ್ದು ಬಂತು. ಷಡಕ್ಷರಿಯ ಕತ್ತು ತಾನಾಗಿ ಅತ್ತ ತಿರುಗಿತು.

“ಕತೆ ಶುರುವಾದಾಗಿನಿಂದ ಇದು ಏಳನೆಯ ಸಲ” ಎಂದರು ಗುರುಗಳು.